ದೊಡ್ಡಮ್ಮ ತೊಳೆದ ವಾಸನೆ

ಮೊನ್ನೆ ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿಯವನೊಬ್ಬ ಸೀಬೆಹಣ್ಣು ಪೇರಿಸಿಟ್ಟುಕೊಂಡು ನಿಂತಿದ್ದ. ನಾನು ಹಣ್ಣು ಆರಿಸುವ ಚಂದವನ್ನು ಸ್ವಲ್ಪ ಹೊತ್ತು ನೋಡಿದ. ಒಂದನ್ನು ಎತ್ತಿ ತಿರುಗಿಸುತ್ತೇನೆ, ಹೆಬ್ಬೆರಳಿನಿಂದ ಒತ್ತುತ್ತೇನೆ, ತೊಟ್ಟಿನ ಹತ್ತಿರ ಕಣ್ಣಿಟ್ಟು ತೂತು ಹುಡುಕುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ಅವನಿಗೆ ಬೇಸರವಾಯಿತೋ ಕನಿಕರವಾಯಿತೋ, "ಅಂಗೆಲ್ಲ ಒತ್ಬ್ಯಾಡಿ ಸಾ. ಮೂಸಿ ನೋಡಿ, ಗೊತ್ತಾಯ್ತದೆ" ಎಂದು ತಾನೇ ಒಂದು ಹಣ್ಣನ್ನು ನನ್ನ ಕೈಗಿಟ್ಟ. ನಾನು ಅದನ್ನು ಮೂಗಿನ ಕಡೆಗೆ ಒಯ್ದೆ. ಎದೆಯ ಮಟ್ಟಕ್ಕೆ ಬಂದ ಕೈ ಅಲ್ಲೇ ನಿಂತುಬಿಟ್ಟಿತು. ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟೇ ತಲೆ ನರೆಸಿಕೊಂಡವನು ನಾನು. ಸೀಸೆಯೊಳಗಿನ ಎಂತೆಂಥದನ್ನೋ ಮೂಸಿ ನೋಡಿ ಹೆಸರು ಹೇಳಿದ್ದೇನೆ. ಹಣ್ಣು ಮೂಸಲು ಮಾತ್ರ ಈ ಕೈ ಎಂದೂ ಒಪ್ಪಿರಲಿಲ್ಲ. ಅದಕ್ಕೆ ಕಾರಣ ನಮ್ಮ ದೊಡ್ಡಮ್ಮ.

ನಿಮ್ಮ ಮನೆಯಲ್ಲೂ ಈ ಕಟ್ಟಳೆ ಇದ್ದಿರಬಹುದು. ದೇವರಿಗೆ ಮುಡಿಸುವ ಹೂವನ್ನು, ನೈವೇದ್ಯಕ್ಕೆ ಇಡುವ ಹಣ್ಣನ್ನು ಮೂಸಬಾರದು. ಮೂಸಿದರೆ ಅರ್ಧ ಉಂಡ ಹಾಗೆ, ಅದು ದೇವರಿಗೆ ಸಲ್ಲದು. ಎಲ್ಲರ ಮನೆಯಲ್ಲೂ ಇದು ಹಬ್ಬ ಹರಿದಿನಕ್ಕೆ ನೆನಪಾಗುವ ವಿಷಯ. ದೊಡ್ಡಮ್ಮನ ಮನೆಯಲ್ಲಿ ಹಾಗಲ್ಲ. ತೋಟದ ಯಾವ ಹಣ್ಣು ಯಾವ ದಿನ ದೇವರಿಗೆ ಹೋಗುತ್ತದೋ ಯಾರಿಗೆ ಗೊತ್ತು, ಆದ್ದರಿಂದ ಯಾವುದನ್ನೂ ಮೂಸಬಾರದು ಎಂದು ಆಕೆ ಕಾನೂನನ್ನು ಬಿಗಿ ಮಾಡಿದ್ದಳು. ಒಂದೇ ಒಂದು ರಿಯಾಯಿತಿ ಇತ್ತು. ಗಾಳಿ ತಾನಾಗಿ ತಂದ ವಾಸನೆಗೆ ದೋಷವಿಲ್ಲ. ಮೂಗು ಹುಡುಕಿಕೊಂಡು ಹೋದರೆ ಮಾತ್ರ ತಪ್ಪು. ಅದಕ್ಕೇ ರಜೆಗೆ ಹೋದ ನಾವೆಲ್ಲ ಮರದ ಕೆಳಗೆ ಮುಖ ಮೇಲೆತ್ತಿ ಗಾಳಿಗಾಗಿ ಕಾಯುತ್ತ ನಿಲ್ಲುತ್ತಿದ್ದೆವು. ನೋಡಿದವರು ನಮಗೇನೋ ಕಾಯಿಲೆ ಎಂದುಕೊಂಡಿರಬೇಕು.

ದೊಡ್ಡಪ್ಪ ಊರಿನ ಕೇಶವ ದೇವಸ್ಥಾನದ ಅರ್ಚಕರು. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಹರದನಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ ಇಳಿದು, ಒಂದಿಷ್ಟು ನಡೆದರೆ ಅವರ ಮನೆ. ಮನೆಯ ಹಿಂದೆ ಬಾವಿ, ಬಾವಿಯ ಹಿಂದೆ ಸೀಬೆ ತೋಟ. ಆ ತೋಟ ದೊಡ್ಡಮ್ಮನದು. ಕಾಗದದ ಮೇಲೆ ಯಾರ ಹೆಸರಿತ್ತೋ ನನಗೆ ತಿಳಿಯದು. ಗಿಡ ತಂದವಳು, ನೆಟ್ಟವಳು, ನೀರು ಹೊತ್ತವಳು ಆಕೆ. ತವರು ಸಂಗೀತಗಾರರ ಊರಾದ ರುದ್ರಪಟ್ಟಣದ ಕಡೆಯಾದ್ದರಿಂದ ಕೊಡ ಹೊರುವಾಗಲೂ ಗಂಟಲಲ್ಲಿ ಏನಾದರೊಂದು ರಾಗ ಇದ್ದೇ ಇರುತ್ತಿತ್ತು. ನೀರು ಸಾಲದ ಗಿಡಕ್ಕೆ ದೀರ್ಘವಾದ ಆಲಾಪನೆ ಸಿಕ್ಕುತ್ತಿತ್ತು ಎಂದು ದೊಡ್ಡಪ್ಪ ರೇಗಿಸುತ್ತಿದ್ದರು.

ಬೆಳಗಿನ ನೈವೇದ್ಯಕ್ಕೆ ಆ ತೋಟದ ಒಂದು ಸೀಬೆಹಣ್ಣು ಹೋಗಬೇಕು. ಹಣ್ಣಿನ ಕಾಲವಿದ್ದಷ್ಟು ದಿನವೂ ಇದು ತಪ್ಪುತ್ತಿರಲಿಲ್ಲ. ಒಮ್ಮೆ ನಾನು, ಬಾಳೆಹಣ್ಣಿದೆಯಲ್ಲ, ಇದೂ ಯಾಕೆ ಎಂದು ಕೇಳಿದ್ದೆ. ದೊಡ್ಡಮ್ಮ ಹಣ್ಣು ಒರೆಸುತ್ತಾ ಹೇಳಿದಳು: "ಗರ್ಭಗುಡಿ ಹೊಸ್ತಿಲು ನಾನು ದಾಟೋ ಹಾಗಿಲ್ಲ ಕಣೋ. ದಾಟಲೇಬೇಕು ಅನ್ನೋ ಹಟಾನೂ ನನಗಿಲ್ಲ. ನನ್ನ ಹಣ್ಣು ದಿನಾ ಒಳಗೆ ಹೋಗಿ ಬರತ್ತಲ್ಲ, ನನಗೆ ಅಷ್ಟು ಸಾಕು." ಆ ಮಾತನ್ನು ಆಕೆ ದುಃಖದಿಂದೇನೂ ಹೇಳಲಿಲ್ಲ. ಆದರೆ ಆ ಹಣ್ಣು ಆಕೆಗೆ ಏನು ಎಂಬುದು ನನಗೆ ಅವತ್ತು ತಿಳಿಯಿತು.

ನಾನು ಹಾಸನದಲ್ಲಿ ಮೇಷ್ಟ್ರಾಗಿ ಸೇರಿದ ಹೊಸದು. ಆ ವರ್ಷ ಶ್ರಾವಣ ಶನಿವಾರಕ್ಕೆ ಊರಿಗೆ ಹೋಗಿದ್ದೆ. ದೇವಸ್ಥಾನ ತುಂಬಿತ್ತು. ದೊಡ್ಡಪ್ಪ ನೈವೇದ್ಯಕ್ಕೆ ಪರದೆ ಎಳೆದರು. ಪರದೆಯ ಹಿಂದೆ ಹಣ್ಣು ಹೆಚ್ಚಿ, ದೇವರ ಮುಂದಿಟ್ಟು, ಅವರು ಘಂಟೆ ಬಾರಿಸಬೇಕು. ಹೊರಗೆ ನಿಂತವರು ಕೈ ಮುಗಿಯಬೇಕು. ನಾವೆಲ್ಲ ಕೈ ಎತ್ತಿಕೊಂಡು ನಿಂತೆವು. ಘಂಟೆ ಬಾರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಪ್ಪ ಪರದೆಯ ಬದಿಯಿಂದ ತಟ್ಟೆ ಹಿಡಿದು ಹೊರಬಂದು, ಯಾರ ಮುಖವನ್ನೂ ನೋಡದೆ ಅದನ್ನು ದೊಡ್ಡಮ್ಮನ ಕೈಗೆ ಕೊಟ್ಟು ಮತ್ತೆ ಒಳಗೆ ಹೋದರು. ತಟ್ಟೆಯಲ್ಲಿ ಎರಡು ಹೋಳು ಸೀಬೆಹಣ್ಣು. ಒಂದು ಹೋಳಿನಲ್ಲಿ ನಸುಗೆಂಪು ಹುಳವೊಂದು ತಲೆಯೆತ್ತಿ ಬೆಳಕು ನೋಡುತ್ತಿತ್ತು. ಆಮೇಲೆ ಬರೀ ಬಾಳೆಹಣ್ಣಿಗೆ ಘಂಟೆಯಾಯಿತು. ದೊಡ್ಡಮ್ಮ ಆ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ಮನೆಗೆ ನಡೆದಳು.

ದೊಡ್ಡಪ್ಪ ಬೈಯುವ ಜಾತಿಯವರಲ್ಲ. "ಹುಳದ ಕಾಟ ನಿಲ್ಲೋವರೆಗೂ ತೋಟದ ಹಣ್ಣು ಬೇಡ" ಎಂದರು, ಅಷ್ಟೆ. ಮನೆಯಲ್ಲೇ ಹೆಚ್ಚಿ ನೋಡಿ ಕಳಿಸುತ್ತೇನೆ ಎಂದು ದೊಡ್ಡಮ್ಮ ಕೇಳಿಕೊಂಡಳು. ಮೊದಲೇ ಹೆಚ್ಚಿದ್ದನ್ನು ಇಡುವ ಪದ್ಧತಿ ತಮ್ಮ ತಂದೆಯ ಕಾಲದಿಂದಲೂ ಇಲ್ಲ ಎಂದರು. ಔಷಧಿ ಹೊಡೆಸೋಣ ಎಂದು ನಾನು ಬಾಯಿ ಹಾಕಿದೆ. ಈ ಮಾತಿಗೆ ಮಾತ್ರ ಗಂಡ ಹೆಂಡತಿ ಒಂದಾಗಿ ನನ್ನ ಮೇಲೆ ತಿರುಗಿಬಿದ್ದರು. ಪಕ್ಕದ ಹೊಲದಲ್ಲಿ ಆಗ ಶುಂಠಿ ಹಾಕಿದ್ದರು. ಅಲ್ಲಿ ಔಷಧಿ ಹೊಡೆದ ದಿನ ಇಡೀ ಕೇರಿಗೆ ತಲೆನೋವು ಬರುತ್ತಿತ್ತು. "ಅದನ್ನ ದೇವರ ಬಾಯಿಗೆ ಇಡ್ತೀಯೇನೋ?" ಎಂದಳು ದೊಡ್ಡಮ್ಮ. ನಾನು ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡೆ.

ಗೌರಿ ಹಬ್ಬ ಕಳೆದ ಮೇಲೆ ಪುಟ್ಟರಾಜು ಬಂದ. ಅರಕಲಗೂಡಿನ ಕಡೆಯವನು, ತೋಟಗಾರಿಕೆ ಇಲಾಖೆಯಲ್ಲಿ ಸಹಾಯಕ, ನನ್ನ ಜೊತೆ ಓದಿದವನು. ನಾನೇ ಹೇಳಿ ಕರೆಸಿದ್ದೆ. ತೋಟವೆಲ್ಲ ಸುತ್ತಿ, ಒಂದು ಎಲೆಯ ಅಡಿಯಿಂದ ಹಳದಿ ಬಣ್ಣದ ಪುಟ್ಟ ಪತಂಗವನ್ನು ಹಿಡಿದು ತಂದ. ರೆಕ್ಕೆಯ ತುಂಬ ಕರಿ ಚುಕ್ಕೆ. ನೋಡಲು ಲಕ್ಷಣವಾಗಿಯೇ ಇತ್ತು. "ಇದೇ ಸ್ವಾಮಿ ಕಳ್ಳ. ಕಾಯಿ ಮ್ಯಾಲೆ ಮೊಟ್ಟೆ ಮಡಗ್ತದೆ, ಮರಿ ಕೊರ್ಕೊಂಡ್ ಒಳಿಕ್ ಓಯ್ತದೆ. ಬದಿನ ಮ್ಯಾಲೆ ಅರಳು ಗಿಡ ಐತಲ್ಲ, ಪಕ್ಕದಲ್ಲಿ ಸುಂಟಿ ಐತಲ್ಲ, ಅಲ್ಲೂ ಇದ್ರುದೇ ಸಂಸಾರ" ಎಂದ. ಆಮೇಲೆ ಬೈಕಿಗೆ ನೇತುಹಾಕಿದ್ದ ಚೀಲಕ್ಕೆ ಕೈ ಹಾಕಿ, ಮಳೆಗಾಲದ ಚಪ್ಪಲಿ ಒಂದು ಜೊತೆ ಹೊರಗೆ ತೆಗೆದಿಟ್ಟು, ಅದರ ಅಡಿಯಿಂದ ಬೆಳ್ಳಿ ಕಾಗದದ ಒಂದು ಪೊಟ್ಟಣ ತೆಗೆದ. ಒಳಗೆ ಪೆನ್ನಿನ ಮುಚ್ಚಳದಷ್ಟು ದೊಡ್ಡ ರಬ್ಬರ್ ಬಿರಡೆಗಳು. ಪರೀಕ್ಷೆ ಮಾಡಿ ನೋಡಲು ಮೇಲಿನವರು ಕೊಟ್ಟದ್ದಂತೆ.

"ಇದು ಇಸ ಅಲ್ಲ ಅಮ್ಮಾವ್ರೆ. ಇದ್ರಾಗೆ ಎಣ್ಣು ಪತಂಗದ ವಾಸ್ನೆ ಐತೆ" ಎಂದು ಶುರು ಮಾಡಿದವನು ಅರ್ಚಕರ ಹೆಂಡತಿಯ ಮುಂದೆ ಮುಂದಿನದನ್ನು ಹೇಳಲಾರದೆ ಕೆಂಪಗಾದ. "ನೀವೇ ವಸಿ ತಿಳಿಸ್ಕೊಡಿ ಮೇಷ್ಟ್ರೆ" ಎಂದು ನನ್ನ ಕಡೆ ದೂಡಿದ. ನಾನು ಗಂಟಲು ಸರಿಮಾಡಿಕೊಂಡೆ. ಜೀವಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಬಗೆಗಳು ಹಲವು ಎಂದೆ. ಇರುವೆ ಸಾಲಿನ ಬಗ್ಗೆ ಹೇಳಿದೆ. ಗಾಳಿಯಲ್ಲಿ ಕಣಗಳು ಹರಡುವ ರೀತಿಯನ್ನು ವಿವರಿಸಿದೆ. ಹೀಗೆ ಊರೆಲ್ಲ ಸುತ್ತಿ ಕೊನೆಗೆ, ಹೆಣ್ಣು ಪತಂಗ ಒಂದು ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ ಎಂಬಲ್ಲಿಗೆ ಬಂದು ನಿಂತೆ.

"ಯಾತಕ್ಕೆ ಕರೆಯತ್ತೆ?" ಎಂದಳು ದೊಡ್ಡಮ್ಮ.

"ಸಂಸಾರಕ್ಕೆ" ಎಂದೆ.

"ಅಷ್ಟು ಹೇಳೋಕೆ ಇಷ್ಟು ಹೊತ್ತು ಬೇಕಾಯ್ತೇನೋ ನಿನಗೆ? ಪಾಠ ಹ್ಯಾಗೆ ಮಾಡ್ತೀಯೋ" ಎಂದಳು. ಪುಟ್ಟರಾಜು ಮುಖ ಆ ಕಡೆ ತಿರುಗಿಸಿದ. ಬಿರಡೆಯನ್ನು ಡಬ್ಬಿಯೊಳಗೆ ಸಿಕ್ಕಿಸಿ ಮರಕ್ಕೆ ನೇತುಹಾಕುವುದು, ಗಂಡು ಪತಂಗಗಳು ಅದನ್ನೇ ಹೆಣ್ಣೆಂದು ನಂಬಿ ಬಂದು ಡಬ್ಬಿಗೆ ಬೀಳುವುದು, ಗಂಡಿಲ್ಲದೆ ಹೆಣ್ಣಿನ ಮೊಟ್ಟೆ ಜೊಳ್ಳಾಗುವುದು, ಇಷ್ಟೂ ತಿಳಿದ ಮೇಲೆ ಆಕೆ, "ಇಲ್ಲದ ಹೆಣ್ಣನ್ನ ಇದೆ ಅಂತ ತೋರಿಸಿ ಕರೆಯೋದು ಮೋಸ ಅಲ್ವೇನಪ್ಪ?" ಎಂದಳು.

"ಮೋಸವೇ ಕಣಮ್ಮಾವ್ರೆ. ಇಸ ಆಕೋದ್ಕಿಂತ ವಾಸಿ ಅಲ್ವಾ?"

ಆಕೆಗೆ ಇನ್ನೊಂದು ಅನುಮಾನ ಉಳಿದಿತ್ತು, ಅದು ಹೆಚ್ಚು ಗಹನವಾದದ್ದು. ಈ ವಾಸನೆ ತೋಟದಲ್ಲೆಲ್ಲ ಹಬ್ಬಿದರೆ ಹಣ್ಣಿಗೂ ತಾಕುತ್ತದಲ್ಲ, ಹುಳಗಳು ಮೂಸಿಕೊಂಡು ಓಡಾಡುತ್ತವಲ್ಲ, ಅಂಥ ಹಣ್ಣು ದೇವರಿಗೆ ಸಲ್ಲುತ್ತದೆಯೇ? ಜಗುಲಿಯಲ್ಲಿ ದರ್ಭೆ ಹಸನು ಮಾಡುತ್ತ ಕೂತಿದ್ದ ದೊಡ್ಡಪ್ಪ ತಲೆಯೆತ್ತದೆಯೇ, "ಜೇನುಹುಳ ಮೂಸಿದ ಹೂವಿಗೆ ದೋಷ ಇಲ್ಲ. ಅದೇ ನ್ಯಾಯ ಇದಕ್ಕೂ" ಎಂದು ತೀರ್ಪು ಕೊಟ್ಟರು. ಆ ಹಣ್ಣು ಮರಳಿ ಬರಲಿ ಎಂದು ಅವರಿಗೂ ಆಸೆಯಿತ್ತು ಎಂದು ನನಗೆ ಅನ್ನಿಸಿದ್ದು ಆಗಲೇ.

ಪುಟ್ಟರಾಜು ಡಬ್ಬಿಗಳನ್ನು ಮರಗಳಿಗೆ ಕಟ್ಟುವಷ್ಟರಲ್ಲಿ ಮೋಡ ಕವಿಯಿತು. ಬಿರಡೆಗಳನ್ನು ಸಂಜೆಯೊಳಗೆ ಸಿಕ್ಕಿಸಿಬಿಡಿ, ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಕೈವಾಸನೆ ತಗುಲಿದರೆ ಕೆಡುತ್ತದೆ ಎಂದು ಹೇಳಿ ಹೊರಟ. ಉದುರಿದ ಹುಳುಕು ಕಾಯಿಗಳನ್ನು ಆರಿಸಿ ಹೂಳಬೇಕು, ಬದುವಿನ ಹರಳು ಗಿಡ ಕೀಳಿಸಬೇಕು ಎಂದೂ ಹೇಳಿದ. ದೊಡ್ಡಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಟ್ಟಬಾರದು ಎಂಬ ಮಾತು. "ನೋಡಿದೆಯಾ, ಅವರಲ್ಲೂ ಮಡಿ ಇದೆ" ಎಂದು ನನ್ನನ್ನು ಬಸ್ಸಿಗೆ ಕಳಿಸುವಾಗ ಹೆಮ್ಮೆಯಿಂದ ಹೇಳಿದಳು.

ನವರಾತ್ರಿಗೆ ನಾನೂ ಪುಟ್ಟರಾಜುವೂ ಮತ್ತೆ ಹೋದೆವು. ಡಬ್ಬಿಗಳೆಲ್ಲ ಖಾಲಿ. ಒಂದರಲ್ಲಿ ಜೇಡ ಮನೆ ಕಟ್ಟಿಕೊಂಡು ಸುಖವಾಗಿತ್ತು. ಪುಟ್ಟರಾಜು ಪ್ರತಿಯೊಂದು ಡಬ್ಬಿಯನ್ನೂ ಇಳಿಸಿ ನೋಡಿದ. ಬಿರಡೆ ಇದ್ದ ಜಾಗದಲ್ಲೇ ಇದೆ, ಕಟ್ಟಿದ ಎತ್ತರ ಸರಿಯಾಗಿದೆ. ತೋಟದಲ್ಲಿ ಪತಂಗಕ್ಕೇನೂ ಕೊರತೆಯಿರಲಿಲ್ಲ. ಉದುರಿದ ಹೀಚುಗಳ ತುಂಬ ತೂತು. ಅವನ ಮುಖ ಸಣ್ಣದಾಯಿತು. ಪರೀಕ್ಷೆಗೆ ಕೊಟ್ಟ ಮಾಲೇ ಕೆಟ್ಟದ್ದಿರಬೇಕು ಎಂದು ಗೊಣಗಿದ. ದೊಡ್ಡಮ್ಮನ ಮುಖ ಅದಕ್ಕಿಂತ ಸಣ್ಣದಾಗಿತ್ತು. ಆ ಸಲದ ಹಬ್ಬಕ್ಕೂ ಆಕೆಯ ಹಣ್ಣು ಒಳಗೆ ಹೋಗಿರಲಿಲ್ಲ. ದೇವಸ್ಥಾನಕ್ಕೆ ಬರುವುದನ್ನೇ ಆಕೆ ಕಡಿಮೆ ಮಾಡಿದ್ದಾಳೆ ಎಂದು ದೊಡ್ಡಪ್ಪ ನನ್ನೊಬ್ಬನಿಗೆ ಹೇಳಿದ್ದರು.

ಕಾಫಿ ಕೊಡುತ್ತ ದೊಡ್ಡಮ್ಮ ಹೇಳಿದಳು: "ನಿಮ್ಮ ಡಬ್ಬಿಗೆ ಬರದೇ ಇದ್ರೆ ಏನಾಯ್ತಪ್ಪ, ನನ್ನ ಒರಸು ಬಟ್ಟೆಗೆ ಬರ್ತಾವಲ್ಲ. ಬೆಳಗಿನ ಜಾವ ನೀರು ಸೇದೋಕೆ ಹೋದ್ರೆ ಬಾವಿ ಹತ್ತಿರದ ಹಗ್ಗದ ಮೇಲೆ ಅದನ್ನೇ ಮುತ್ತಿಕೊಂಡು ಕೂತಿರ್ತವೆ. ಪಾಪ, ಚಳಿಗೆ ಬರ್ತಾವೋ ಏನೋ."

ಪುಟ್ಟರಾಜು ಲೋಟ ಕೆಳಗಿಟ್ಟ. "ಯಾವ ಬಟ್ಟೆ ಅಮ್ಮಾವ್ರೆ?"

"ಅದೇ ಕಣಪ್ಪ, ಬಿರಡೆ ಒರೆಸಿದ್ದು. ಹಳೇ ಸೀರೆ ತುಂಡು."

"ಬಿರಡೆ ಯಾಕೆ ಒರೆಸುದ್ರಿ?"

"ತೊಳೆದ ಮೇಲೆ ಒರೆಸಬೇಡವೇ?"

ಆಮೇಲೆ ಒಂದೊಂದಾಗಿ ಹೊರಬಿತ್ತು. ಆಕೆ ಪುಟ್ಟರಾಜುವಿನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಳು. ಬಿರಡೆಗಳನ್ನು ಬರಿಗೈಯಲ್ಲಿ ಮುಟ್ಟಿರಲಿಲ್ಲ. ಇಕ್ಕಳದಲ್ಲಿ ಹಿಡಿದು, ಹಂಡೆಯ ಬಿಸಿನೀರಿನಲ್ಲಿ ಸೀಗೇಪುಡಿ ಹಾಕಿ ತಿಕ್ಕಿ ತೊಳೆದು, ಸೀರೆ ತುಂಡಿನಲ್ಲಿ ಒತ್ತಿ ಒರೆಸಿ, ತುಳಸಿ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಒಣಗಿಸಿ, ಆಮೇಲೆ ಡಬ್ಬಿಗೆ ಸಿಕ್ಕಿಸಿದ್ದಳು. ಒಂದು ಸಂಜೆ ತಡವಾದದ್ದೇ ತನ್ನಿಂದಾದ ಲೋಪ ಎಂದು ಆಕೆಯ ಲೆಕ್ಕ.

"ತೊಳ್ಯಾದ್ಯಾಕೆ ಅಮ್ಮಾವ್ರೆ?" ಪುಟ್ಟರಾಜುವಿನ ದನಿ ಅಳುವಿನ ಹತ್ತಿರ ಹೋಗಿತ್ತು.

"ನೀನೇ ತೆಗೆದು ಕೊಟ್ಟೆಯಲ್ಲಪ್ಪ, ಚಪ್ಪಲಿ ಚೀಲದಿಂದ. ದೇವರ ಹಣ್ಣಿನ ತೋಟಕ್ಕೆ ತೊಳೀದೆ ಹ್ಯಾಗೆ ಕಟ್ಟಲಿ?"

ತೊಳೆದಾಗ ಬಿರಡೆ ಬಿಟ್ಟ ವಾಸನೆ ಒರೆಸಿದ ಬಟ್ಟೆಗೆ ಹತ್ತಿತ್ತು. ಆ ವಾಸನೆ ನಮ್ಮ ಮೂಗಿಗೆ ತಿಳಿಯುವಂಥದಲ್ಲ. ಇತ್ತೋ ಹೋಯಿತೋ ಎಂದು ಹೇಳಬಲ್ಲದ್ದು ಗಂಡು ಪತಂಗ ಒಂದೇ. ಅವು ಪಾಪ ಬೆಳಗಿನ ಜಾವದಲ್ಲಿ ಬಾವಿಕಟ್ಟೆಗೆ ಬಂದು ಹೇಳುತ್ತಲೇ ಇದ್ದವು. ಮೊದಲು ನಕ್ಕದ್ದು ದೊಡ್ಡಪ್ಪ. ಜಗುಲಿಯ ಕಂಬಕ್ಕೆ ಒರಗಿಕೊಂಡು, ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಈ ವಯಸ್ಸಿನಲ್ಲಿ ನಿನ್ನ ಸೀರೆಗೆ ಗಂಡುಗಳು ಮುತ್ತಿಕೊಳ್ತಾ ಇವೆಯಲ್ಲೇ" ಎಂದರು. ದೊಡ್ಡಮ್ಮ "ಸಾಕು ಸುಮ್ನಿರಿ, ಹುಡುಗರ ಎದುರಿಗೆ" ಎಂದು ಒಳಗೆ ಹೋದಳು. ಆದರೆ ಬಾಗಿಲ ಹಿಂದೆ ಆಕೆಯೂ ನಗುತ್ತಿದ್ದದ್ದು ಬಳೆ ಸದ್ದಿನಲ್ಲಿ ಗೊತ್ತಾಗುತ್ತಿತ್ತು.

ಹೊಸ ಬಿರಡೆ ಬರುವುದಕ್ಕೆ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಏನು ಮಾಡುವುದು? ಪುಟ್ಟರಾಜು ಬಾವಿಯ ಹತ್ತಿರ ಹೋಗಿ ಆ ಸೀರೆ ತುಂಡನ್ನು ನೋಡುತ್ತ ನಿಂತ. ಆಮೇಲೆ ಕತ್ತರಿ ಕೇಳಿದ. ಸೀರೆಯನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಡಬ್ಬಿಗೊಂದರಂತೆ ನಾವೇ ಕಟ್ಟಿದೆವು. ಮಾರನೆಯ ಬೆಳಿಗ್ಗೆ ದೊಡ್ಡಮ್ಮ ನಮ್ಮನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಕೆಲವು ಡಬ್ಬಿಗಳಲ್ಲಿ ಹಳದಿ ರೆಕ್ಕೆಗಳು ಪಟಪಟ ಎನ್ನುತ್ತಿದ್ದವು. ನನ್ನ ಪಾಠದ ಪುಸ್ತಕಗಳಲ್ಲಿ ಎಲ್ಲೂ ಇಲ್ಲದ ಈ ವಿಧಾನ ನಾಲ್ಕಾರು ದಿನ ಕೆಲಸ ಮಾಡಿತಂತೆ. ಅದರಿಂದ ಹುಳ ತೀರಿತು ಎಂದು ನಾನು ಹೇಳುವುದಿಲ್ಲ, ಆದರೆ ದೊಡ್ಡಮ್ಮನಿಗೆ ನಂಬಿಕೆ ಹುಟ್ಟಿತು. ಬದುವಿನ ಹರಳು ಗಿಡ ಕೀಳಿಸಿದಳು. ದಿನವೂ ಬಗ್ಗಿ ಬಗ್ಗಿ ಹುಳುಕು ಕಾಯಿ ಆರಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದಳು.

ಹೊಸ ಬಿರಡೆಗಳು ಬಂದಾಗ ಪುಟ್ಟರಾಜು ಅವನ್ನು ಹೊಸ ಬಟ್ಟೆ ಚೀಲವೊಂದರಲ್ಲಿ, ಬೇರೇನೂ ಇಲ್ಲದ ಹಾಗೆ, ಎರಡು ಬೆರಳಿನಲ್ಲಿ ಹಿಡಿದು ತಂದ. ಆದರೂ ದೊಡ್ಡಮ್ಮ ಬಾವಿಯ ಕಡೆ ನೋಡುತ್ತಿದ್ದಳು. ಕೊನೆಗೆ ದೊಡ್ಡಪ್ಪನೇ ರಾಜಿ ಮಾಡಿಸಿದರು. ಡಬ್ಬಿಗಳ ಮುಚ್ಚಳದ ಮೇಲೆ ಉದ್ಧರಣೆಯಿಂದ ಒಂದೊಂದು ಹನಿ ತೀರ್ಥ ಚಿಮುಕಿಸಿ, ಒಳಗಿನದಕ್ಕೂ ಇದು ಸಂದಿತು ಎಂದರು. ಪುಟ್ಟರಾಜು ಕೈ ಮುಗಿದ. ಬಿರಡೆ ನೆನೆಯಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಮುಗಿದದ್ದು ಎಂದು ನನ್ನ ಊಹೆ.

ಮಳೆಗಾಲದ ಬೆಳೆ ಹೋಗಿಯೇ ಹೋಯಿತು. ಚಳಿಗಾಲದ ಹಣ್ಣು ಬರುವ ಹೊತ್ತಿಗೆ ತೂತು ಅಪರೂಪವಾಗಿತ್ತು. ಧನುರ್ಮಾಸದ ಒಂದು ಬೆಳಿಗ್ಗೆ, ನಾನು ಶಾಲೆಗೆ ರಜೆ ಹಾಕಿ ಹೋಗಿದ್ದ ದಿನ, ಹುಗ್ಗಿಯ ಪಾತ್ರೆಯ ಪಕ್ಕದ ತಟ್ಟೆಯಲ್ಲಿ ಬಾಳೆಹಣ್ಣಿನ ಜೊತೆ ಒಂದು ಸೀಬೆಹಣ್ಣು ಕೂತಿತ್ತು. ದೊಡ್ಡಮ್ಮ ಇಟ್ಟದ್ದು. ದೊಡ್ಡಪ್ಪ ಅದನ್ನು ನೋಡಿದರು. ತಟ್ಟೆ ಎತ್ತಿಕೊಂಡು ನಡೆದರು.

ದೇವಸ್ಥಾನದಲ್ಲಿ ಆ ಚಳಿಗೆ ಬಂದವರು ಬೆರಳೆಣಿಕೆಯಷ್ಟು ಜನ. ದೊಡ್ಡಪ್ಪ ಪರದೆ ಎಳೆದರು. ದೊಡ್ಡಮ್ಮ ಕೈ ಜೋಡಿಸಿದ್ದಳು, ಆದರೆ ಕಣ್ಣು ಮುಚ್ಚಿರಲಿಲ್ಲ; ಪರದೆಯನ್ನೇ ನೋಡುತ್ತಿದ್ದಳು. ಒಳಗೆ ತಟ್ಟೆ ಕಲ್ಲಿಗೆ ತಾಗಿದ ಸದ್ದು. ಚಾಕು ಇಟ್ಟ ಸದ್ದು. ಆಮೇಲೆ ಏನೂ ಇಲ್ಲ. ನನಗೆ ಶ್ರಾವಣದ ಆ ಶನಿವಾರ ನೆನಪಾಯಿತು. ದೊಡ್ಡಮ್ಮನ ಗಂಟಲಲ್ಲಿ ಸದಾ ಇರುವ ರಾಗ ಅವತ್ತು ಇರಲಿಲ್ಲ.

ಘಂಟೆ ಬಾರಿಸಿತು. ದೊಡ್ಡಪ್ಪ ಅದನ್ನು ಎಂದಿಗಿಂತ ಹೆಚ್ಚು ಹೊತ್ತು ಬಾರಿಸಿದರು, ನಿಲ್ಲಿಸಿದರು ಎನ್ನುವಾಗ ಇನ್ನೊಂದಿಷ್ಟು ಬಾರಿಸಿದರು. "ಸಾಕಲ್ಲ, ಕೈ ನೋಯತ್ತೆ ಅವರಿಗೆ" ಎಂದಳು ದೊಡ್ಡಮ್ಮ, ಕಣ್ಣು ಒರೆಸಿಕೊಳ್ಳುತ್ತ.

ಇದಾಗಿ ಕೆಲವು ವರ್ಷಗಳ ಮೇಲೆ ಕಣ್ಣಿನ ಪೊರೆ ತೆಗೆಸಲು ಆಕೆ ಹಾಸನದ ನಮ್ಮ ಮನೆಗೆ ಬಂದಳು. ನಿತ್ಯಪೂಜೆ ಬಿಟ್ಟು ಬರಲಾರದ ದೊಡ್ಡಪ್ಪ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಚೀಲ ಸೀಬೆಹಣ್ಣು ಕಳಿಸಿದ್ದರು. ಒಂದು ಕಣ್ಣಿಗೆ ಕಟ್ಟು, ಇನ್ನೊಂದು ಮೊದಲೇ ಮಂಜು. ನಾನು ಒಂದು ಹಣ್ಣನ್ನು ಕೈಗಿಟ್ಟೆ. ಬೆರಳಾಡಿಸಿ ನೋಡಿದಳು.

"ಇದು ದೇವರಿಗೆ ಇಟ್ಟದ್ದಲ್ಲ ತಾನೇ?"

"ಅಲ್ಲ. ನಿನಗೆ ಅಂತಲೇ ದೊಡ್ಡಪ್ಪ ಕಳಿಸಿದ್ದು."

ಆಕೆ ಹಣ್ಣನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ಕಳ್ಳತನ ಮಾಡುವವರ ಹಾಗೆ ಮೆಲ್ಲಗೆ, ಹಣ್ಣನ್ನು ಮೂಗಿನ ಹತ್ತಿರ ತಂದಳು. ಉಸಿರು ಎಳೆದಳು. ತಾನೇ ನೆಟ್ಟು, ನೀರೆರೆದು, ಹುಳದ ಬಾಯಿಂದ ಬಿಡಿಸಿಕೊಂಡ ಹಣ್ಣನ್ನು ಆಕೆ ಮೂಸಿದ್ದು ಅದೇ ಮೊದಲು. ಬಹಳ ಹೊತ್ತು ಕೆಳಗಿಳಿಸಲೇ ಇಲ್ಲ.

"ಅಯ್ಯೋ, ಇಷ್ಟು ವರ್ಷ ಇದನ್ನೆಲ್ಲ ಅವನೊಬ್ಬನೇ ಇಟ್ಕೊಂಡುಬಿಟ್ಟಿದ್ದನಲ್ಲೋ" ಎಂದಳು. ಹಣ್ಣನ್ನು ಮಡಿಲಲ್ಲಿಟ್ಟುಕೊಂಡು, "ಇರಲಿ ಬಿಡು. ನಾನೇ ತಾನೇ ಕೊಟ್ಟದ್ದು" ಎಂದಳು.

ದೊಡ್ಡಮ್ಮ ಹೋಗಿ ವರ್ಷಗಳಾದವು. ಗಿಡಗಳೂ ಮುದಿಯಾಗಿ ಒಂದೊಂದೇ ಒಣಗಿದವು.

ಗಾಡಿಯವನು ಕ್ಯಾರಿಬ್ಯಾಗು ಬಿಡಿಸಿಕೊಂಡು ಕಾಯುತ್ತಿದ್ದ. ಒಂದು ಒಳ್ಳೆಯ ಹಣ್ಣನ್ನು ಮೂಸದೆ ಚೀಲಕ್ಕೆ ಹಾಕಿದೆ, ಮನೆಯ ದೇವರಿಗೆ. ಆಮೇಲೆ ಕೈಯಲ್ಲಿದ್ದದ್ದನ್ನು ಮೇಲಕ್ಕೆತ್ತಿದೆ. ಕೈ ಈ ಸಲ ಎದೆಯ ಹತ್ತಿರ ನಿಲ್ಲಲಿಲ್ಲ. ಕಣ್ಣು ಮುಚ್ಚಿ ಉಸಿರು ಎಳೆದೆ.

"ಎಂಗೈತೆ ಸಾ?" ಎಂದ.

ನಮ್ಮ ದೊಡ್ಡಮ್ಮನ ತೋಟದ್ದು ಇದಕ್ಕಿಂತ ಚೆನ್ನಾಗಿತ್ತು ಎನ್ನಬೇಕೆಂದು ಬಾಯಿ ತೆರೆದೆ. ಆಗ ಹೊಳೆಯಿತು, ಆ ಹಣ್ಣನ್ನು ನಾನು ಒಂದು ಸಲವೂ ಮೂಸಿರಲಿಲ್ಲ.